ರೈಜೆನ್ 9950ಎಕ್ಸ್ ಸಾಕೇ, ಥ್ರೆಡ್‌ರಿಪ್ಪರ್ 9960ಎಕ್ಸ್ ಬೇಕೇ?

ಇವೆರಡೂ ಎಎಂಡಿಯ ಪ್ರೊಸೆಸರ್‌ಗಳು. ಎರಡರ ಒಳಗೂ ಇರುವುದು ಜೆನ್ 5 ಪೀಳಿಗೆಯ ಕೋರೇ (ಲೆಕ್ಕ ಮಾಡುವ ಘಟಕ). ಡೆಸ್ಕ್‌ಟಾಪ್ ವರ್ಗದ ರೈಜೆನ್ 9 9950ಎಕ್ಸ್ 2024ರ ಆಗಸ್ಟ್‌ನಲ್ಲಿ 649 ಡಾಲರಿಗೆ ಬಂತು. ಅದರಲ್ಲಿ 16 ಕೋರ್. ವರ್ಕ್‌ಸ್ಟೇಷನ್ ವರ್ಗದ ಥ್ರೆಡ್‌ರಿಪ್ಪರ್ 9960ಎಕ್ಸ್ 2025ರ ಜುಲೈ ಕೊನೆಗೆ 1,499 ಡಾಲರಿಗೆ ಬಂತು. ಅದರಲ್ಲಿ 24 ಕೋರ್. ಕೋರ್ ಒಂದೂವರೆ ಪಟ್ಟು, ಬೆಲೆ 2.3 ಪಟ್ಟು. ಬರೀ ಕೋರ್ ಎಣಿಸಿ ಥ್ರೆಡ್‌ರಿಪ್ಪರ್ ಕೊಂಡರೆ ಬಹುತೇಕರಿಗೆ ನಷ್ಟವೇ. ಅದಕ್ಕೆ ದುಡ್ಡು ಸುರಿಯಲು ಸರಿಯಾದ ಕಾರಣ ಎರಡೇ: ಮೆಮೊರಿ ಮತ್ತು ಪಿಸಿಐಇ ಲೇನ್ (ಕಾರ್ಡ್, ಎಸ್‌ಎಸ್‌ಡಿಗಳು ಪ್ರೊಸೆಸರ್ ತಲುಪುವ ದಾರಿ). ಆದರೂ ಎಲ್ಲರೂ ಮೊದಲು ಕೇಳುವುದು ಕೋರ್ ಬಗ್ಗೆಯೇ ಆದ್ದರಿಂದ ಅದನ್ನು ಮೊದಲು ಮುಗಿಸೋಣ.

9950ಎಕ್ಸ್‌ನ ಮೂಲ ವೇಗ 4.3 ಗಿಗಾಹರ್ಟ್ಸ್, ಬೂಸ್ಟ್, ಅಂದರೆ ಗರಿಷ್ಠ ವೇಗ, 5.7. 9960ಎಕ್ಸ್‌ನದು 4.2 ಮತ್ತು 5.4. ಆಟೋಕ್ಯಾಡ್, ರೆವಿಟ್, ಫೋಟೋಶಾಪ್, ಎಕ್ಸೆಲ್ ಇವೆಲ್ಲ ಹೆಚ್ಚಿನ ಹೊತ್ತು ಒಂದೆರಡು ಕೋರ್ ಮೇಲೆಯೇ ನಡೆಯುವುದರಿಂದ ಅಗ್ಗದ ಚಿಪ್ಪೇ ಇಲ್ಲಿ ಒಂದು ಹೆಜ್ಜೆ ಮುಂದೆ. ಎಲ್ಲ ಕೋರ್‌ಗಳೂ ದುಡಿಯುವಾಗ ನೋಡಬೇಕಾದ್ದು ವಿದ್ಯುತ್ತಿನ ಮಿತಿ. 9950ಎಕ್ಸ್‌ಗೆ 170 ವ್ಯಾಟ್ ಎಂದು ಬರೆದಿದ್ದರೂ ಸಾಕೆಟ್‌ನಿಂದ ಅದು 230 ವ್ಯಾಟ್‌ವರೆಗೆ ಎಳೆಯುತ್ತದೆ. 9960ಎಕ್ಸ್‌ನ ಮಿತಿ 350. ಕೋರ್ ಒಂದಕ್ಕೆ ಭಾಗಿಸಿದರೆ ಎರಡರಲ್ಲೂ ಸುಮಾರು ಹದಿನಾಲ್ಕೂವರೆ ವ್ಯಾಟ್. ಅಂದರೆ ಪೂರ್ತಿ ಹೊರೆ ಬಿದ್ದಾಗ ಒಂದೊಂದು ಕೋರ್ ಮಾಡುವ ಕೆಲಸ ಹೆಚ್ಚೂಕಡಿಮೆ ಸಮವೇ, ಕೋರ್‌ಗಳಿಂದ ಬರುವ ಲಾಭ ಒಂದೂವರೆ ಪಟ್ಟು ದಾಟುವುದಿಲ್ಲ. ಬ್ಲೆಂಡರ್‌ನಲ್ಲಿ ಸಿಪಿಯು ರೆಂಡರಿಂಗ್ ಮಾಡಿದರೆ ಈ ಒಂದೂವರೆ ಪಟ್ಟಿನ ಹತ್ತಿರಕ್ಕೆ ಹೋಗಬಹುದು. ಉಳಿದ ಕಡೆ ಅಷ್ಟು ಸಿಗುವುದಿಲ್ಲ.

ಏಕೆ ಸಿಗುವುದಿಲ್ಲ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಒಂದು ಕೆಲಸದ ಶೇ. 10ರಷ್ಟು ಭಾಗ ಒಂದೇ ಕೋರ್ ಮೇಲೆ ನಡೆಯಲೇಬೇಕು ಎಂದಿಟ್ಟುಕೊಳ್ಳಿ. 16 ಕೋರ್‌ಗಳಲ್ಲಿ ಅದು 6.4 ಪಟ್ಟು ಬೇಗ ಮುಗಿಯುತ್ತದೆ, 24 ಕೋರ್‌ಗಳಲ್ಲಿ 7.3 ಪಟ್ಟು. ಎಂಟು ಕೋರ್ ಹೆಚ್ಚಿಗೆ ಕೊಂಡದ್ದಕ್ಕೆ ಸಿಕ್ಕ ಲಾಭ ಶೇ. 14 ಮಾತ್ರ. ಆ ಭಾಗ ಶೇ. 1ಕ್ಕೆ ಇಳಿದರೆ ಲೆಕ್ಕ ಬದಲಾಗುತ್ತದೆ: 13.9 ಪಟ್ಟು ಮತ್ತು 19.5 ಪಟ್ಟು, ಲಾಭ ಶೇ. 40. ದೊಡ್ಡ ಸಿ++ ಪ್ರಾಜೆಕ್ಟ್ ಬಿಲ್ಡ್ ಮಾಡುವಾಗ ಕಂಪೈಲ್ ಹಂತ ಎಲ್ಲ ಕೋರ್‌ಗಳನ್ನೂ ತುಂಬುತ್ತದೆ, ಕೊನೆಯ ಲಿಂಕ್ ಹಂತಕ್ಕೆ ಬಂದಾಗ ಬಹಳಷ್ಟು ಕೋರ್ ಸುಮ್ಮನೆ ಕೂರುತ್ತವೆ. ಒಂದೇ ಬಿಲ್ಡ್‌ನೊಳಗೆ ಎರಡೂ ಬಗೆಯ ಹೊರೆ ಇರುತ್ತದೆ.

ನಿಮ್ಮ ಕೆಲಸ ಎಂಥದ್ದು ಎಂದು ಈಗಿರುವ ಕಂಪ್ಯೂಟರ್‌ನಲ್ಲೇ ಕಂಡುಕೊಳ್ಳಬಹುದು. ಹಳೆಯ 8 ಕೋರ್ ಯಂತ್ರವಾದರೂ ಸಾಕು. ದಿನನಿತ್ಯದ ಒಂದು ನಿಜವಾದ ಫೈಲ್ ಆರಿಸಿ. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಥ್ರೆಡ್ ಸಂಖ್ಯೆಯನ್ನು (ಒಮ್ಮೆಗೆ ಎಷ್ಟು ಕೋರ್ ದುಡಿಯಬೇಕು ಎಂಬುದನ್ನು) 2, 4, 8 ಎಂದು ಬದಲಿಸುತ್ತ ತಲಾ ಮೂರು ಸಲ ಓಡಿಸಿ, ಮಧ್ಯದ ಸಮಯ ಬರೆದಿಡಿ. ನಾಲ್ಕರಿಂದ ಎಂಟಕ್ಕೆ ಹೋದಾಗ ಸಮಯ ಅರ್ಧದ ಹತ್ತಿರಕ್ಕೆ ಇಳಿದರೆ ಹೆಚ್ಚು ಕೋರ್ ಕೆಲಸಕ್ಕೆ ಬರುತ್ತದೆ. ಇಳಿಯದಿದ್ದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ, ಮತ್ತು ಇದನ್ನು ಮಾಡುವವರು ತೀರ ಕಡಿಮೆ. ಬಯಾಸ್‌ಗೆ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗೆ) ಹೋಗಿ ರ‍್ಯಾಮ್ ವೇಗವನ್ನು ಒಂದು ಹಂತ ಇಳಿಸಿ, ಉದಾಹರಣೆಗೆ 6000ದಿಂದ 4800ಕ್ಕೆ. ಅದೇ ಫೈಲ್ ಮತ್ತೆ ಓಡಿಸಿ. ಸಮಯ ಶೇ. 20-25ರಷ್ಟು ಹೆಚ್ಚಿದರೆ ನಿಮ್ಮ ಕೆಲಸ ನಿಂತಿರುವುದು ಮೆಮೊರಿಯ ಬಾಗಿಲಲ್ಲಿ. ಎಷ್ಟು ಕೋರ್ ಸೇರಿಸಿದರೂ ಅವು ಅಲ್ಲಿ ಸರದಿಯಲ್ಲಿ ನಿಲ್ಲುತ್ತವೆ. ಸಮಯ ಹೆಚ್ಚುಕಡಿಮೆ ಬದಲಾಗದಿದ್ದರೆ ಸಮಸ್ಯೆ ತಂತ್ರಾಂಶದಲ್ಲಿದೆ, ಅದಕ್ಕೆ ಬೇಕಾದ್ದು ಹೆಚ್ಚು ಗಿಗಾಹರ್ಟ್ಸ್, ಅಂದರೆ 9950ಎಕ್ಸ್.

ಈಗ ಮೆಮೊರಿ. ಎರಡು ಚಿಪ್‌ಗಳ ನಡುವಿನ ದೊಡ್ಡ ಅಂತರ ಇಲ್ಲಿದೆ.

9950ಎಕ್ಸ್‌ಗೆ ಎರಡು ಚಾನೆಲ್ (ಮೆಮೊರಿಯಿಂದ ಪ್ರೊಸೆಸರ್‌ಗೆ ಬರುವ ದಾರಿ), ಅಧಿಕೃತ ವೇಗ ಡಿಡಿಆರ್5-5600. ಪ್ರತಿ ಚಾನೆಲ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. ಗುಣಿಸಿದರೆ ಸೆಕೆಂಡಿಗೆ 89.6 ಗಿಗಾಬೈಟ್. 9960ಎಕ್ಸ್‌ಗೆ ನಾಲ್ಕು ಚಾನೆಲ್, ಡಿಡಿಆರ್5-6400, ಸೆಕೆಂಡಿಗೆ 204.8 ಗಿಗಾಬೈಟ್. ಕೋರ್ ಒಂದರ ಪಾಲಿಗೆ ಮೊದಲನೆಯದರಲ್ಲಿ 5.6, ಎರಡನೆಯದರಲ್ಲಿ 8.5. ಓಪನ್‌ಫೋಮ್‌ನಂಥ ದ್ರವಚಲನೆಯ ಸಿಮ್ಯುಲೇಷನ್‌ಗಳಲ್ಲಿ, ದೊಡ್ಡ ಭಾಷಾ ಮಾದರಿಗಳನ್ನು ಸಿಪಿಯು ಮೇಲೆ ಓಡಿಸುವಾಗ, ಈ ಅಂಕಿಯೇ ಫಲಿತಾಂಶವನ್ನು ನಿರ್ಧರಿಸುತ್ತದೆ. 70 ಬಿಲಿಯನ್ ಪ್ಯಾರಾಮೀಟರ್‌ಗಳ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೆ ಸುಮಾರು 40 ಗಿಗಾಬೈಟ್ ಆಗುತ್ತದೆ. ಒಂದೊಂದು ಟೋಕನ್‌ಗೂ (ಮಾದರಿ ಬರೆಯುವ ಪದದ ತುಣುಕಿಗೂ) ಆ 40 ಗಿಗಾಬೈಟನ್ನು ಪೂರ್ತಿ ಓದಬೇಕು. ಹಾಗಾಗಿ 9950ಎಕ್ಸ್ ಮೇಲೆ ಸೆಕೆಂಡಿಗೆ 2.2 ಟೋಕನ್ ಗರಿಷ್ಠ, 9960ಎಕ್ಸ್ ಮೇಲೆ 5.1. ವಾಸ್ತವದಲ್ಲಿ ಎರಡೂ ಇದಕ್ಕಿಂತ ಕೆಳಗೇ ಇರುತ್ತವೆ, ಆದರೆ ಅನುಪಾತ ಬದಲಾಗುವುದಿಲ್ಲ.

ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಕಂಡ ಕೂಡಲೇ ನಾಲ್ಕನ್ನೂ ತುಂಬಿಸುವ ಆಸೆ ಬರುತ್ತದೆ. ಬೇಡ. ರೈಜೆನ್ ಕೂರುವ ಎಎಂ5 ಸಾಕೆಟ್‌ನಲ್ಲಿ ನಾಲ್ಕು ರ‍್ಯಾಮ್ ಸ್ಟಿಕ್ ಹಾಕಿದರೆ ಅಧಿಕೃತ ವೇಗ 3600ಕ್ಕೆ ಕುಸಿಯುತ್ತದೆ, ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಡೇಟಾ) 57.6 ಗಿಗಾಬೈಟ್‌ಗೆ. ಸ್ಲಾಟ್ ನಾಲ್ಕಿದ್ದರೂ ಚಾನೆಲ್ ಎರಡೇ. ಒಂದು ಚಾನೆಲ್‌ಗೆ ಎರಡು ಸ್ಟಿಕ್ ಜೋತುಬಿದ್ದಾಗ ಸಿಗ್ನಲ್ ಕೆಡುವುದರಿಂದ ವೇಗ ತಗ್ಗಿಸಲೇಬೇಕು. ಕೆಲವು ಬೋರ್ಡ್‌ಗಳು ಇದಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತವೆ, ನಿಜ, ಆದರೆ ರಾತ್ರಿಯಿಡೀ ರೆಂಡರ್ ಹಾಕಿ ಮಲಗುವವರು ಅದನ್ನು ನಂಬಬಾರದು. 48 ಗಿಗಾಬೈಟ್‌ನ ಎರಡು, ಇಲ್ಲವೇ 64ರ ಎರಡು ಸ್ಟಿಕ್ ಒಂದೇ ಕಿಟ್‌ನಲ್ಲಿ ಕೊಳ್ಳಿ. ಹಾಗಾಗಿ 128 ಗಿಗಾಬೈಟ್‌ವರೆಗೆ ರೈಜೆನ್ ನೆಮ್ಮದಿಯ ಆಯ್ಕೆ. 192 ಅಥವಾ 256 ಬೇಕು ಎನ್ನುವಾಗ ವೇಗ ಬಿಟ್ಟುಕೊಡಬೇಕು. ಅದಕ್ಕೂ ಮೇಲೆ ಬೇಕಾದರೆ ಥ್ರೆಡ್‌ರಿಪ್ಪರ್ ಬಿಟ್ಟು ದಾರಿಯಿಲ್ಲ.

ಥ್ರೆಡ್‌ರಿಪ್ಪರ್ ಕೊಳ್ಳುವವರು ಮಾಡುವ ತಪ್ಪು ಇದಕ್ಕೆ ಉಲ್ಟಾ. ದುಡ್ಡು ಉಳಿಸಲು 64ರ ಎರಡೇ ಸ್ಟಿಕ್ ಹಾಕಿ, ಉಳಿದೆರಡು ಮುಂದೆ ನೋಡೋಣ ಎನ್ನುತ್ತಾರೆ. ಆಗ ಎರಡು ಚಾನೆಲ್ ಖಾಲಿ, ಬ್ಯಾಂಡ್‌ವಿಡ್ತ್ 102 ಗಿಗಾಬೈಟ್; ಕಾಲುಭಾಗದ ಬೆಲೆಯ ಬೋರ್ಡ್ ಕೊಡುವುದಕ್ಕಿಂತ ಸ್ವಲ್ಪವೇ ಹೆಚ್ಚು. 128 ಬೇಕಿದ್ದರೆ 32ರ ನಾಲ್ಕು ಹಾಕಿ. ಇನ್ನೊಂದು: ಈ ಸಾಕೆಟ್‌ಗೆ ಆರ್‌ಡಿಐಎಂಎಂ, ಅಂದರೆ ಸರ್ವರ್ ಬಗೆಯ ರಿಜಿಸ್ಟರ್ಡ್ ಮೆಮೊರಿಯೇ ಬೇಕು. ಹಳೆಯ ಪಿಸಿಯ ಡಿಡಿಆರ್5 ಸ್ಟಿಕ್ ಇದರಲ್ಲಿ ಕೂರುವುದೇ ಇಲ್ಲ. ಕೆಳಗಿನ ಕಚ್ಚಿನ ಜಾಗ ಬೇರೆ, ಒಳಬರುವ ವೋಲ್ಟೇಜೂ ಬೇರೆ: ಸಾಮಾನ್ಯ ಸ್ಟಿಕ್‌ಗೆ 5 ವೋಲ್ಟ್, ಆರ್‌ಡಿಐಎಂಎಂಗೆ 12. 2025ರ ಕೊನೆಯಿಂದ ಮೆಮೊರಿ ಬೆಲೆ ವಿಪರೀತ ಏರಿರುವುದರಿಂದ ಪ್ರೊಸೆಸರ್‌ಗಿಂತ ಮೊದಲು ನಾಲ್ಕು ಆರ್‌ಡಿಐಎಂಎಂಗಳ ಕೊಟೇಶನ್ ತೆಗೆಸುವುದು ಜಾಣತನ. ಎಷ್ಟೋ ಸಲ ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ಇಸಿಸಿ, ಅಂದರೆ ಮೆಮೊರಿಯ ತಪ್ಪನ್ನು ಹಿಡಿದು ಸರಿಪಡಿಸುವ ವ್ಯವಸ್ಥೆ, ಇದರ ಬಗ್ಗೆ ಗೊಂದಲ ಬಹಳ. ಎಲ್ಲ ಡಿಡಿಆರ್5ನಲ್ಲೂ ಇಸಿಸಿ ಇದೆ ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಅದು ಮೆಮೊರಿ ಚಿಪ್ಪಿನ ಒಳಗಿನ ತಪ್ಪನ್ನಷ್ಟೇ ಸರಿಪಡಿಸುತ್ತದೆ. ಚಿಪ್ಪಿನಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಬಿಟ್ ಕೆಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ, ಕಾರ್ಯಾಚರಣ ವ್ಯವಸ್ಥೆಗೆ ವರದಿಯೂ ಬರುವುದಿಲ್ಲ. ಆರ್‌ಡಿಐಎಂಎಂಗಳಲ್ಲಿ ಪೂರ್ತಿ ಇಸಿಸಿ ಇರುತ್ತದೆ. ರೈಜೆನ್ ಕೂಡ ಇಸಿಸಿ ಇರುವ ಅನ್‌ಬಫರ್ಡ್ (ರಿಜಿಸ್ಟರ್ಡ್ ಅಲ್ಲದ) ಸ್ಟಿಕ್ ಒಪ್ಪುತ್ತದೆ, ಆದರೆ ಮದರ್‌ಬೋರ್ಡ್ ತಯಾರಕರು ಅದನ್ನು ಚಾಲೂ ಮಾಡಿರಬೇಕು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ. ವಾರಗಟ್ಟಲೆ ಓಡುವ ಲೆಕ್ಕಾಚಾರ, ಝಡ್‌ಎಫ್‌ಎಸ್ ಸ್ಟೋರೇಜ್, ಪೇಷಂಟ್ ಸ್ಕ್ಯಾನ್‌ಗಳ ಸಂಸ್ಕರಣೆ ಇಂಥವಕ್ಕೆ ಇಸಿಸಿ ಬಿಟ್ಟು ಕೊಳ್ಳಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ವಿಡಿಯೊ ಎಡಿಟಿಂಗ್‌ಗೆ ಅಷ್ಟು ಹಟ ಬೇಕಿಲ್ಲ.

ಲೇನ್‌ಗಳ ವಿಷಯ. 9950ಎಕ್ಸ್‌ನಿಂದ ಬಳಕೆಗೆ ಸಿಗುವುದು 24 ಪಿಸಿಐಇ 5.0 ಲೇನ್: ಗ್ರಾಫಿಕ್ಸ್ ಕಾರ್ಡ್‌ಗೆ 16, ಉಳಿದ ಎಂಟರಲ್ಲಿ ನಾಲ್ಕು ನಾಲ್ಕರಂತೆ ಎರಡು ಎಸ್‌ಎಸ್‌ಡಿ. ರೈಜೆನ್‌ನ ಎಕ್ಸ್870ಇ ಬೋರ್ಡ್‌ಗಳಲ್ಲಿ ಯುಎಸ್‌ಬಿ4 ಕಡ್ಡಾಯ. ಅದು ಸಾಮಾನ್ಯವಾಗಿ ಈ ಎಂಟರಲ್ಲಿ ನಾಲ್ಕನ್ನು ತಿನ್ನುತ್ತದೆ. ಅದಕ್ಕೇ ಹಲವು ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದೊಡನೆ ಗ್ರಾಫಿಕ್ಸ್ ಕಾರ್ಡ್ 16ರಿಂದ 8 ಲೇನ್‌ಗೆ ಇಳಿಯುತ್ತದೆ. ಕೈಪಿಡಿಯ ಬ್ಲಾಕ್ ಡಯಾಗ್ರಾಮ್ ಪುಟ ತೆಗೆದು ನೋಡದೆ ಬೋರ್ಡ್ ಕೊಳ್ಳಬೇಡಿ. ಮಿಕ್ಕ ಸ್ಲಾಟ್‌ಗಳು, ಸಾಟಾ, ನೆಟ್‌ವರ್ಕ್ ಎಲ್ಲವೂ ಚಿಪ್‌ಸೆಟ್ (ಬೋರ್ಡ್ ಮೇಲಿನ ಸಹಾಯಕ ಚಿಪ್) ಮೂಲಕ ಹೋಗುತ್ತವೆ, ಚಿಪ್‌ಸೆಟ್ ಮತ್ತು ಪ್ರೊಸೆಸರ್ ನಡುವೆ ಇರುವುದು ಪಿಸಿಐಇ 4.0ರ ನಾಲ್ಕೇ ಲೇನ್, ಸೆಕೆಂಡಿಗೆ 8 ಗಿಗಾಬೈಟ್‌ಗಿಂತ ತುಸು ಕಡಿಮೆ. ಒಂದು ಗ್ರಾಫಿಕ್ಸ್ ಕಾರ್ಡ್, ಎರಡು ಎಸ್‌ಎಸ್‌ಡಿ ಇರುವವರಿಗೆ ಇದು ಧಾರಾಳ. ಎರಡು ಗ್ರಾಫಿಕ್ಸ್ ಕಾರ್ಡ್, ಮೇಲೊಂದು 25 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್, ನಾಲ್ಕು ಎಸ್‌ಎಸ್‌ಡಿ ಎನ್ನುವ ಸ್ಟುಡಿಯೊಗೆ ಥ್ರೆಡ್‌ರಿಪ್ಪರ್‌ನ ಟಿಆರ್‌ಎಕ್ಸ್50 ಬೋರ್ಡ್ ಬೇಕೇ ಬೇಕು. ಅಲ್ಲಿ ಕಾರ್ಡ್‌ಗಳು ನೇರ ಪ್ರೊಸೆಸರ್‌ಗೇ ಸೇರುತ್ತವೆ.

ಜೋಡಣೆಯಲ್ಲಿ ಎಡವುವ ಜಾಗಗಳೂ ಬೇರೆ ಬೇರೆ. ಥ್ರೆಡ್‌ರಿಪ್ಪರ್‌ನ ಎಸ್‌ಟಿಆರ್5 ಸಾಕೆಟ್‌ನಲ್ಲಿ 4,844 ಪಿನ್‌ಗಳಿವೆ. ಪ್ರೊಸೆಸರ್ ಬಾಕ್ಸ್‌ನಲ್ಲಿ ಬರುವ ಟಾರ್ಕ್ ಸ್ಕ್ರೂಡ್ರೈವರನ್ನೇ ಬಳಸಿ, ಫ್ರೇಮ್ ಮೇಲೆ ಬರೆದ ಕ್ರಮದಲ್ಲೇ, ಕ್ಲಿಕ್ ಎನ್ನುವವರೆಗೆ ತಿರುಗಿಸಿ. ಒತ್ತಡ ಒಂದು ಕಡೆ ಕಡಿಮೆಯಾದರೆ ಯಂತ್ರ ಆನ್ ಆಗುತ್ತದೆ, ಆದರೆ ಬಯಾಸ್‌ನಲ್ಲಿ ನಾಲ್ಕು ಸ್ಟಿಕ್ ಬದಲು ಮೂರೇ ಕಾಣಬಹುದು. ಸ್ಟಿಕ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಪ್ರೊಸೆಸರ್ ಬಿಚ್ಚಿ ಮತ್ತೆ ಕೂರಿಸಿ. ಕೂಲರ್‌ನ ತಳ ಪ್ರೊಸೆಸರ್‌ನ ಇಡೀ ಮೇಲ್ಮೈ ಮುಚ್ಚಬೇಕು. ಎಎಂ5ಗೆಂದು ಮಾಡಿದ ಸಣ್ಣ ತಳದ ಲಿಕ್ವಿಡ್ ಕೂಲರ್ ಅಂಚಿನ ಚಿಪ್‌ಲೆಟ್‌ಗಳನ್ನು (ಪ್ರೊಸೆಸರ್ ಒಳಗಿನ ಸಣ್ಣ ಚಿಪ್‌ಗಳನ್ನು) ತಲುಪುವುದೇ ಇಲ್ಲ. ನಾಕ್ಟುವಾದ ಎನ್‌ಎಚ್-ಯು14ಎಸ್ ಟಿಆರ್5-ಎಸ್‌ಪಿ6 ಈ ಸಾಕೆಟ್‌ಗೆಂದೇ ಮಾಡಿದ್ದು. ಥ್ರೆಡ್‌ರಿಪ್ಪರ್‌ನಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ. ರೈಜೆನ್‌ನಲ್ಲಿ ಪುಟ್ಟದೊಂದು ಇದೆ, ಕಾರ್ಡ್ ಕೆಟ್ಟ ದಿನ ಅದು ಕೈಹಿಡಿಯುತ್ತದೆ. ಎರಡರಲ್ಲೂ ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್, ಅಂದರೆ ರ‍್ಯಾಮ್ ಜತೆಗಿನ ಹೊಂದಾಣಿಕೆ, ನಡೆಯುತ್ತದೆ. ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಆಗ ಪವರ್ ಬಟನ್ ಒತ್ತಿ ಆರಿಸಿದರೆ ಮತ್ತೆ ಮೊದಲಿನಿಂದ ಶುರು.

ಬಿಸಿಲಿನ ಊರಿನವರಿಗೆ ಒಂದು ಮಾತು. ಬೆಂಗಳೂರಿನ ಕೋಣೆ 26 ಡಿಗ್ರಿ, ಮೇ ತಿಂಗಳ ಕಲಬುರಗಿಯ ಕೋಣೆ 38 ಡಿಗ್ರಿ ಇದ್ದರೆ ಆ 12 ಡಿಗ್ರಿ ನೇರವಾಗಿ ಚಿಪ್ಪಿನ ತಾಪಕ್ಕೆ ಸೇರುತ್ತದೆ. 9950ಎಕ್ಸ್ 95 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸುತ್ತದೆ. ಬಯಾಸ್‌ನಲ್ಲಿ ಇಕೋ ಮೋಡ್ 105 ಆರಿಸಿದರೆ ಮಿತಿ 230ರಿಂದ 142 ವ್ಯಾಟ್‌ಗೆ ಇಳಿಯುತ್ತದೆ. ವಿದ್ಯುತ್ ಶೇ. 38 ಕಡಿಮೆಯಾದರೂ ಕೆಲಸ ಅಷ್ಟು ಕಡಿಮೆಯಾಗುವುದಿಲ್ಲ, ಏಕೆಂದರೆ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೇ ಅತಿ ಹೆಚ್ಚು ವೋಲ್ಟೇಜ್ ಬೇಕು. ಯುಪಿಎಸ್ ಆರಿಸುವಾಗ ವಿಎ ನೋಡಬೇಡಿ, ವ್ಯಾಟ್ ನೋಡಿ. 1 ಕೆವಿಎ ಎಂದು ಮಾರುವ ಹಲವು ಯುಪಿಎಸ್‌ಗಳು 600 ವ್ಯಾಟ್ ಮಾತ್ರ ಹೊರುತ್ತವೆ. 9950ಎಕ್ಸ್ ಜತೆ 300 ವ್ಯಾಟ್‌ನ ಒಂದು ಕಾರ್ಡ್ ಇದ್ದರೆ ಅದು ಅಂಚಿಗೆ ಬಂದಂತೆ. ಥ್ರೆಡ್‌ರಿಪ್ಪರ್ ಜತೆ ಅಂಥ ಎರಡು ಕಾರ್ಡ್ ಇದ್ದರೆ 1,000 ವ್ಯಾಟ್ ದಾಟುತ್ತದೆ, ಕರೆಂಟ್ ಹೋದ ಕ್ಷಣವೇ ಓವರ್‌ಲೋಡ್ ಆಗಿ ಎಲ್ಲ ಆರುತ್ತದೆ.

ತಂತ್ರಾಂಶದ ಲೈಸೆನ್ಸ್ ಮರೆತು ಕೋರ್ ಕೊಳ್ಳುವ ಕಚೇರಿಗಳಿವೆ. ಎಂಜಿನಿಯರಿಂಗ್ ಸಿಮ್ಯುಲೇಷನ್‌ನ ತಂತ್ರಾಂಶ ಆನ್ಸಿಸ್‌ನ ವಾಣಿಜ್ಯ ಲೈಸೆನ್ಸ್ ಮೂಲತಃ 4 ಕೋರ್‌ಗೆ ಸೀಮಿತ, ಹೆಚ್ಚು ಕೋರ್ ಬಳಸಲು ಕೊಳ್ಳುವ ಒಂದು ಎಚ್‌ಪಿಸಿ ಪ್ಯಾಕ್ ಸೇರಿಸಿದರೆ ಇನ್ನೂ 8. ಒಟ್ಟು 12ಕ್ಕೆ ನಿಂತವರಿಗೆ 24 ಕೋರ್‌ನಿಂದ ಏನೂ ಹೆಚ್ಚು ಸಿಗುವುದಿಲ್ಲ. ನಾಲ್ಕು ಚಾನೆಲ್‌ಗಳ ಬ್ಯಾಂಡ್‌ವಿಡ್ತ್ ಬೇಕಿದ್ದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ.

ಇಂಟೆಲ್ ಕಡೆಯಲ್ಲೂ ಇದೇ ಗೆರೆ. ಕೋರ್ ಅಲ್ಟ್ರಾ 9 285ಕೆ ಎರಡು ಚಾನೆಲ್‌ನದು, ಇಸಿಸಿ ಬೇಕೆಂದರೆ ಡಬ್ಲ್ಯೂ880 ಬೋರ್ಡ್ ಹುಡುಕಬೇಕು. ಝಿಯಾನ್ ಡಬ್ಲ್ಯೂ-2400 ಸರಣಿ ನಾಲ್ಕು ಚಾನೆಲ್, 64 ಲೇನ್ ಕೊಡುತ್ತದೆ, ಆದರೆ ಕೋರ್‌ಗಳು ಹಳೆಯ ಪೀಳಿಗೆಯವು. ಅಗ್ಗಕ್ಕೆ ಸಿಕ್ಕರೆ ಲೇನ್‌ಗಳಿಗಾಗಿ ಯೋಚಿಸಬಹುದು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವವರು ಬಾಕ್ಸ್ ಪ್ಯಾಕ್ ಮತ್ತು ಟ್ರೇ ಪ್ಯಾಕ್ (ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಚಿಪ್) ಬೆಲೆ ಬೇರೆ ಬೇರೆ ಕೇಳಿ. ಬಾಕ್ಸ್‌ಗೆ ಎಎಂಡಿಯ ಮೂರು ವರ್ಷದ ವಾರಂಟಿ ಇರುತ್ತದೆ. ಟ್ರೇ ಚಿಪ್ ಕೆಟ್ಟರೆ ಅಂಗಡಿಯವರೇ ಗತಿ. ಶೇ. 18 ಜಿಎಸ್‌ಟಿ ಸೇರಿದ ಬಿಲ್ ಮೇಲೆ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. 2023ರಲ್ಲಿ 7000 ಸರಣಿಯೊಂದಿಗೆ ಬಂದ ಟಿಆರ್‌ಎಕ್ಸ್50 ಬೋರ್ಡ್‌ಗಳು 9960ಎಕ್ಸನ್ನು ಗುರುತಿಸಲು ಹೊಸ ಬಯಾಸ್ ಬೇಕು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕುವ ಬಟನ್ ಇದೆಯೇ ನೋಡಿ, ಇಲ್ಲದಿದ್ದರೆ ಅಂಗಡಿಯಲ್ಲೇ ಹಾಕಿಸಿ. ಮನೆಗೆ ತಂದ ಮೊದಲ ರಾತ್ರಿಯೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೂರ್ತಿ ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಮೊದಲು ಬಯಾಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಬಂದರೆ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ, ತಪ್ಪು ಕೊಡುವ ಸ್ಟಿಕ್ ಇರುವ ಇಡೀ ಕಿಟ್ಟನ್ನೇ ಬದಲಿಸಿಕೊಳ್ಳಿ, ಒಂಟಿ ಸ್ಟಿಕ್ ಬದಲಿಸಲು ಒಪ್ಪಬೇಡಿ.