ಮಡಿಕೇರಿಯಲ್ಲಿ ಬಿಲ್ಡರ್ ಕಟ್ಟಿದ ಹೊಸ ಮನೆ: ಮಳೆಗಾಲಗಳನ್ನು ಕಂಡ ಮೇಲಿನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಮನೆ ನಮಗೆ ಇಷ್ಟವಾಗಿದೆ, ಮಾರುವ ಯೋಚನೆ ಇಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಪಶ್ಚಿಮದ ಗೋಡೆಗೆ ಸೇರಿದ್ದು. ಬಂದ ಹೊಸದರಲ್ಲೇ ಬರೆದಿದ್ದರೆ ಟೈಲ್ಸ್ ಹೇಗಿದೆ, ಕಿಚನ್ ಹೇಗಿದೆ, ಬಾಲ್ಕನಿಯಿಂದ ಬೆಟ್ಟ ಎಷ್ಟು ಚೆಂದ ಕಾಣುತ್ತೆ ಅಂತ ಬರೆಯಬಹುದಿತ್ತು. ಕೆಲವು ಮಳೆಗಾಲ ಕಳೆದ ಮೇಲೆ ನನಗೆ ಮುಖ್ಯ ಅನಿಸುವುದು ಒಂದೇ. ಕೊಡಗಿನಲ್ಲಿ ಹೊಸ ಮನೆ ನೋಡುವವರು ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕು. ಉಳಿದದ್ದೆಲ್ಲ ಆಮೇಲೆ.

ನಮ್ಮದು ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗೆ, ಇಳಿಜಾರಿನಲ್ಲಿ ಸಾಲಾಗಿ ಕಟ್ಟಿದ ಸಣ್ಣ ಲೇಔಟ್. ಐದು ಸೆಂಟ್ ಜಾಗ, ಎರಡು ಬೆಡ್‌ರೂಮ್, ಸಾಲಿಡ್ ಬ್ಲಾಕ್ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ. ಹಿಂದೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚು, ಕಡಿದು ತಡೆಗೋಡೆ ಕಟ್ಟಿದ್ದಾರೆ. ಕಾಗದಪತ್ರದಲ್ಲಿ ತೊಂದರೆ ಬರಲಿಲ್ಲ. ಭೂ ಪರಿವರ್ತನೆ ಆದೇಶ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತೆ ಎಲ್ಲ ಸರಿಯಾಗಿತ್ತು, ಬ್ಯಾಂಕಿನವರೂ ನೋಡಿದರು. ಕೊಡಗಿನಲ್ಲಿ ಜಮ್ಮಾ, ಬಾಣೆ ಅಂತ ಜಾಗದ ಬಗೆಗಳು ಬೇರೆ ಊರಿನ ಹಾಗಿಲ್ಲ. ಹೊರಗಿನಿಂದ ಬರುವವರು ಇಲ್ಲಿನ ವಕೀಲರ ಹತ್ತಿರವೇ ಪಹಣಿ ಓದಿಸಿ. ಈ ಖರ್ಚನ್ನು ಉಳಿಸಲು ಹೋಗಬೇಡಿ.

ಮನೆ ನೋಡಲು ಬಂದವರೆಲ್ಲ ಮುಂಬಾಗಿಲಿನಿಂದ ಒಳಗೆ ಹೋಗುತ್ತಾರೆ. ಇಲ್ಲಿ ಮೊದಲು ಹಿತ್ತಿಲಿಗೆ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅದನ್ನೆಲ್ಲ ಕಂಡವರು ಇಲ್ಲಿ ಯಾರೂ ಬರೆಯನ್ನು ಹಗುರವಾಗಿ ನೋಡುವುದಿಲ್ಲ. ಮಣ್ಣು ನೀರು ಕುಡಿದಷ್ಟೂ ಭಾರವಾಗುತ್ತೆ. ಆ ನೀರಿಗೆ ಹೊರಗೆ ಬರಲು ದಾರಿ ಇಲ್ಲದಿದ್ದರೆ ಗೋಡೆಯನ್ನೇ ಮುಂದಕ್ಕೆ ದೂಡುತ್ತೆ. ಅದಕ್ಕೇ ತಡೆಗೋಡೆಯಲ್ಲಿ ಸಾಲಾಗಿ ಪಿವಿಸಿ ಪೈಪ್ ಇಟ್ಟು ತೂತು ಬಿಡುವುದು. ಗೋಡೆಯ ಹಿಂದೆ ಜಲ್ಲಿ ತುಂಬಿರಬೇಕು. ಬರೀ ಮಣ್ಣು ತುಂಬಿದರೆ ಪೈಪ್ ಬೇಗ ಕಟ್ಟಿಕೊಳ್ಳುತ್ತೆ.

ನಮ್ಮ ಮೊದಲ ಜುಲೈನಲ್ಲಿ ಮಳೆ ಬಿಡದೆ ಹೊಡೆಯುತ್ತಿತ್ತು. ಕೆಳಗಿನ ಸಾಲಿನ ಪೈಪ್‌ಗಳೆಲ್ಲ ಸುರಿಯುತ್ತಿದ್ದವು, ಮೂಲೆಯ ಎರಡು ಮಾತ್ರ ಒಣಗಿದ್ದವು. ನೋಡಿದವರಿಗೆ ಆ ಮೂಲೆಯೇ ಚೆನ್ನಾಗಿದೆ ಅನಿಸಬೇಕು. ಮೇಸ್ತ್ರಿ ಬಂದು ನೋಡಿ ತಲೆ ಆಡಿಸಿದರು. 'ಅಕ್ಕಾ, ಎಲ್ಲ ಸುರೀತಿರುವಾಗ ಇದು ಸುಮ್ನಿದ್ರೆ ಒಳ್ಳೇದಲ್ಲ. ಒಳಗೆ ನೀರು ಕಟ್ಟಿದೆ' ಅಂದರು. ಉದ್ದನೆಯ ಕಬ್ಬಿಣದ ಸರಳು ಹಾಕಿ ಚುಚ್ಚಿದರು. ಮೊದಲು ಕೆಂಪು ಕೆಸರು ಬುಳಕ್ ಅಂತ ಬಂತು, ಆಮೇಲೆ ಎಲೆ, ಬೇರಿನ ಚೂರು, ಸ್ವಲ್ಪ ಹೊತ್ತಿಗೆ ತಿಳಿನೀರು. ಹೋಗುವಾಗ ಅವರು ಹೇಳಿದ್ದು ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಬಾಯಿಪಾಠ: 'ತಿಳಿಯಾಗಿ ಎಷ್ಟು ಬಂದ್ರೂ ಬರಲಿ. ಕೆಂಪಾಗೇ ಬರ್ತಾ ಇದ್ರೆ ಮಣ್ಣು ಹೊರಡ್ತಾ ಇದೆ ಅಂತ. ಕೂಡ್ಲೇ ಫೋನ್ ಮಾಡಿ.' ಮಳೆಗಾಲದಲ್ಲಿ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೊಡೆ ಹಿಡಿದು ಒಂದು ಸುತ್ತು ಹಿತ್ತಿಲಿಗೆ ಹೋಗಿ ಬರುತ್ತೇವೆ. ಗೋಡೆ ಇದುವರೆಗೆ ಗಟ್ಟಿಯಾಗಿದೆ. ಬಿರುಕಿಲ್ಲ, ಉಬ್ಬಿಲ್ಲ. ಈ ಕೆಲಸಕ್ಕೆ ಬಿಲ್ಡರ್‌ಗೆ ಪೂರ್ತಿ ಅಂಕ.

ಇನ್ನು ಪಶ್ಚಿಮದ ಗೋಡೆ. ಇಲ್ಲಿ ಮಳೆ ಮೇಲಿನಿಂದ ಬೀಳುವುದಷ್ಟೇ ಅಲ್ಲ, ಗಾಳಿಯ ಜೊತೆ ಅಡ್ಡಡ್ಡ ಬಂದು ಹೊಡೆಯುತ್ತೆ. ಮುಂಗಾರು ಬರುವ ದಿಕ್ಕೇ ಅದು. ನಮ್ಮ ಬೆಡ್‌ರೂಮಿನಲ್ಲಿ ಬೀಮಿನ ಕೆಳಗೆ ಸರಿಯಾಗಿ ಒಂದು ಗೆರೆಯಲ್ಲಿ ತೇವ ಕಾಣಿಸಿತು. ಆಮೇಲೆ ಕೆಳಗೆ ಇಳಿಯುತ್ತಾ ಕಂದು ಬಣ್ಣಕ್ಕೆ ತಿರುಗಿತು. ಕಾರಣ ಏನು ಅಂದರೆ, ಕಾಂಕ್ರೀಟ್ ಬೀಮ್ ಒಂದು ರೀತಿ ಹಿಗ್ಗಿ ಕುಗ್ಗುತ್ತೆ, ಬ್ಲಾಕ್ ಗೋಡೆ ಇನ್ನೊಂದು ರೀತಿ. ಎರಡೂ ಸೇರುವಲ್ಲಿ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಒಣ ಊರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ, ಇಲ್ಲಿ ಅಷ್ಟು ಸಾಕು. ಗಾರೆ ಹಾಕುವ ಮೊದಲು ಆ ಜಾಗಕ್ಕೆ ತಂತಿಯ ಬಲೆ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ.

ಬಿಲ್ಡರ್ ಕಡೆಯವರು ಮೊದಲು ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದು ಹೋದರು. ಒಂದೇ ತಿಂಗಳಿಗೆ ಪೇಂಟ್ ಗುಳ್ಳೆ ಎದ್ದು ಸುಲಿಯಿತು. ನೀರು ಹೊರಗಿನಿಂದ ಬರುವಾಗ ಒಳಗೆ ಬಳಿದರೆ ಏನು ಪ್ರಯೋಜನ? ಬಾಯಿಮಾತು ಸಾಕು ಅಂತ ಬಿಡದೆ ಫೋಟೋ ಸಮೇತ ಬರೆದು ಕೊಟ್ಟೆವು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಇದು ಸ್ಪಷ್ಟವಾಗಿದೆ: ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ದುಡ್ಡು ತೆಗೆದುಕೊಳ್ಳದೆ ಸರಿಮಾಡಿ ಕೊಡಬೇಕು. ಆ ಸೆಕ್ಷನ್ ಹೆಸರು ಪತ್ರದಲ್ಲಿ ಬಂದ ಮೇಲೆ ಉತ್ತರದ ಧಾಟಿಯೇ ಬದಲಾಯಿತು. ಮಳೆ ನಿಂತ ಮೇಲೆ ಹೊರಗಿನ ಗಾರೆ ಕಿತ್ತು, ಬಲೆ ಹೊಡೆದು, ಹೊಸದಾಗಿ ಗಾರೆ ಮಾಡಿದರು. ಕಳೆದ ಮಳೆಗಾಲದಲ್ಲಿ ಬೆಡ್‌ರೂಮ್ ಒಣಗಿತ್ತು. ಕೊಳ್ಳುವ ಮೊದಲೇ ನಿಮ್ಮ ಲೇಔಟ್ ರೇರಾದಲ್ಲಿ ನೋಂದಣಿ ಆಗಿದೆಯಾ ನೋಡಿಕೊಳ್ಳಿ. ಎಂಟು ಮನೆಯೊಳಗಿನ ಸಣ್ಣ ಪ್ರಾಜೆಕ್ಟ್‌ಗಳಿಗೆ ನೋಂದಣಿ ಕಡ್ಡಾಯವಲ್ಲ. ಅಂಥ ಕಡೆ ಇದನ್ನೆಲ್ಲ ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ರಿಪೇರಿಗೆ ಇಷ್ಟು ತಡವಾದದ್ದಕ್ಕೆ ಬಿಲ್ಡರ್ ಒಬ್ಬರೇ ಕಾರಣ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಕೆಲಸ ಆಗುವುದಿಲ್ಲ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದರೆ ಕಾಫಿ ಕೊಯ್ಲು, ಆಗ ಕೆಲಸಕ್ಕೆ ಜನ ಸಿಗುವುದಿಲ್ಲ. ಉಳಿಯುವುದು ಫೆಬ್ರವರಿ ಕೊನೆಯಿಂದ ಮೇ ತನಕ, ಅದರಲ್ಲೂ ನಡುವೆ ಕಾಫಿ ಹೂವಾಗಿಸುವ ಹೂಮಳೆ ಬಂದು ಹೋಗುತ್ತೆ. ಹಾಗಾಗಿ ದೀಪಾವಳಿ ಹೊತ್ತಿಗೇ ಮೇಸ್ತ್ರಿಗೆ ಹೇಳಿಡಿ.

ಹೊಸ ಮನೆಗೆ ಬೂಷ್ಟು ಜಾಸ್ತಿ, ಇದು ಯಾರೂ ಹೇಳದ ವಿಷಯ. ಕಾಂಕ್ರೀಟ್, ಗಾರೆ ಎಲ್ಲದರ ಒಳಗೆ ಕಟ್ಟುವಾಗ ಹಾಕಿದ ನೀರೇ ಇನ್ನೂ ಇರುತ್ತೆ. ಅದು ಆರುವ ಮೊದಲೇ ಮಳೆಗಾಲ ಬಂದರೆ ಕಪಾಟಿನೊಳಗೆ ಬಟ್ಟೆ, ಚಪ್ಪಲಿ, ಮಕ್ಕಳ ಪುಸ್ತಕ ಎಲ್ಲದಕ್ಕೂ ಹಸಿರು ಪುಡಿ. ನಾವು ಕಪಾಟುಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ತಂದು ಇಟ್ಟಿದ್ದೇವೆ, ಒಳಗೆ ಸಣ್ಣ ಬಲ್ಬ್ ಉರಿಯುತ್ತೆ. ಎರಡನೇ ವರ್ಷಕ್ಕೆ ಅರ್ಧಕ್ಕರ್ಧ ಕಮ್ಮಿಯಾಯಿತು. ಮರದ ಕೆಲಸ ಮಾಡಿಸುವವರು ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡನ್ನೇ ಕೇಳಿ. ಎಂಡಿಎಫ್ ಇಲ್ಲಿ ಬೇಡವೇ ಬೇಡ, ನೀರು ಕುಡಿದು ಊದಿಕೊಳ್ಳುತ್ತೆ.

ತಾರಸಿಯ ಮೇಲೆ ಕಬ್ಬಿಣದ ಟ್ರಸ್ ಹಾಕಿ ಶೀಟ್ ಹೊದಿಸಿದ್ದು ನಮ್ಮ ಸ್ವಂತ ಖರ್ಚು. ಈ ಮನೆಗೆ ಮಾಡಿದ ಖರ್ಚಿನಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ. ಮಳೆಯ ಸದ್ದಿಗೆ ಮೊದಮೊದಲು ನಿದ್ದೆ ಬರಲಿಲ್ಲ, ಈಗ ಅದಿಲ್ಲದೆ ಬರುವುದಿಲ್ಲ. ಪಶ್ಚಿಮದ ಕಡೆ ಶೀಟನ್ನು ಎರಡು ಅಡಿ ಹೊರಗೆ ಚಾಚಿದ್ದರಿಂದ ಗೋಡೆಗೂ ಕೊಡೆ ಹಿಡಿದ ಹಾಗಾಯಿತು. ಶೀಟಿನ ಕೆಳಗೆ ಬಟ್ಟೆ ಒಣಗುತ್ತೆ, ಮಕ್ಕಳು ಆಡುತ್ತಾರೆ, ನೆಂಟರು ಬಂದರೆ ಊಟವೂ ಅಲ್ಲೇ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಬಿಸಿಲೇ ಕಾಣದ ದಿನಗಳಲ್ಲಿ ಇಂಥ ಒಂದು ಜಾಗ ಇದ್ದರೆ ಮನಸ್ಸಿಗೂ ಹಗುರ, ಅಲ್ವಾ?

ಸೋಲಾರ್ ಹೀಟರ್ ಮಳೆಗಾಲದಲ್ಲಿ ಸುಮ್ನೆ ಕೂತಿರುತ್ತೆ, ಸ್ನಾನಕ್ಕೆ ಹಂಡೆ ಒಲೆಯೇ ಗತಿ. ಮರ ಬಿದ್ದು ಕರೆಂಟ್ ಹೋದರೆ ಬರುವುದು ತಡ, ಇನ್ವರ್ಟರ್ ಬೇಕೇಬೇಕು. ಇಂಗುಗುಂಡಿ ಎಲ್ಲಿದೆ ಅಂತಲೂ ಕೇಳಿ. ನೆಲವೇ ನೀರು ತುಂಬಿ ನಿಂತಾಗ ಅದು ಇಂಗುವುದಿಲ್ಲ, ಟಾಯ್ಲೆಟ್‌ನಲ್ಲಿ ನೀರು ಇಳಿಯುವುದು ನಿಧಾನವಾಗುತ್ತೆ. ನಮಗೆ ಆಗಸ್ಟ್‌ನಲ್ಲಿ ಆಗಾಗ ಹಾಗಾಗುತ್ತೆ.

ಜನ ಒಳ್ಳೆಯವರು. ಕಕ್ಕಡ ಹದಿನೆಂಟಕ್ಕೆ ಪಕ್ಕದ ಮನೆಯ ಆಂಟಿ ಮದ್ದುಸೊಪ್ಪಿನ ಪಾಯಸ ಮಾಡಿ ಪಾತ್ರೆ ತುಂಬ ಕಳಿಸಿದರು. ಅದರ ನೇರಳೆ ಬಣ್ಣ ನೋಡಿ ಮಕ್ಕಳು ತಿನ್ನಲು ಹಿಂದೆಮುಂದೆ ನೋಡಿದರು, ಆಮೇಲೆ ಪಾತ್ರೆಯನ್ನೇ ಬಳಿದರು. ಯಾರ ಮನೆಯ ಪೈಪ್ ಕಟ್ಟಿಕೊಂಡರೂ ಸರಳು ಹಿಡಿದು ಬರುವವರಿದ್ದಾರೆ.

ಈಗ ಬಿಲ್ಡರ್ ನಮ್ಮ ಮೇಲಿನ ಸಾಲಿನಲ್ಲಿ ಹೊಸ ಮನೆಗಳಿಗೆ ಜಾಗ ಮಟ್ಟ ಮಾಡಲು ಹೊರಟಿದ್ದಾರೆ. ಬರೆಯ ತಲೆಯ ಮೇಲೆ ಮೊದಲು ಚರಂಡಿ ಆಗಬೇಕು, ಆಮೇಲೆ ಜೆಸಿಬಿ ಅಂತ ನಮ್ಮ ಸಾಲಿನವರೆಲ್ಲ ಸಹಿ ಹಾಕಿ ಕೊಟ್ಟಿದ್ದೇವೆ. ಒಪ್ಪಿದ್ದಾರೆ, ಚರಂಡಿ ಕೆಲಸ ಅರ್ಧ ಮುಗಿದಿದೆ. ಉಳಿದರ್ಧ ಮೇ ಒಳಗೆ ಮುಗಿಸಿದರೆ ಕಳೆದ ಆ ಒಂದು ಅಂಕವನ್ನೂ ಸೇರಿಸಿ ಕೊಡುತ್ತೇನೆ.