ಕಮಾಂಡರ್ ಆಗೋಕೆ ಯಾವ ಗೇಮ್ ಚೆನ್ನ?

ತಂಡ ನಡೆಸೋಕೆ ಯಾವ ಯುದ್ಧದ ಗೇಮ್ ಒಳ್ಳೆಯದು ಅಂತ ನಮ್ಮ ಗುಂಪಿನಲ್ಲಿ ಆಗಾಗ ಜಗಳ ಬೀಳುತ್ತದೆ. ಬ್ಯಾಟಲ್‌ಫೀಲ್ಡ್ 2, ಬಿಜಿಎಂಐ (ಪಬ್‌ಜಿಯ ಇಂಡಿಯಾ ರೂಪ), ಹೆಲ್ ಲೆಟ್ ಲೂಸ್, ಮೂರರಲ್ಲೂ ನಾನು ಆ ಕೆಲಸ ಮಾಡಿದ್ದೇನೆ. ಮೂರರಲ್ಲೂ ಬೈಸಿಕೊಂಡಿದ್ದೇನೆ.

ಬ್ಯಾಟಲ್‌ಫೀಲ್ಡ್ 2 ಬಂದಿದ್ದು 2005ರಲ್ಲಿ. ನಾವು ಆಡಿದ್ದು ರಾಜಾಜಿನಗರದ ಒಂದು ಸೈಬರ್ ಕೆಫೆಯಲ್ಲಿ. ಗಂಟೆಗೆ 20 ರೂಪಾಯಿ. ಆರು ಜನ ಆ ಸಾಲಲ್ಲಿ, ಆರು ಜನ ಈ ಸಾಲಲ್ಲಿ. ಅಧಿಕಾರ ಅಂದ್ರೆ ಈ ಗೇಮ್‌ನ ಕಮಾಂಡರ್‌ದೇ ಅಧಿಕಾರ. ಇಡೀ ಮ್ಯಾಪ್ ಮೇಲಿಂದ ಕಾಣುತ್ತದೆ. ಸ್ಕ್ಯಾನ್ ಒತ್ತಿದರೆ ಎದುರಾಳಿಗಳೆಲ್ಲ ಕೆಂಪು ಚುಕ್ಕೆ. ಫಿರಂಗಿ, ಮೇಲೆ ಹಾರಿ ಶತ್ರುಗಳನ್ನು ಹುಡುಕುವ ಯುಎವಿ, ಆಕಾಶದಿಂದ ಇಳಿಸುವ ಸಾಮಾನಿನ ಪೆಟ್ಟಿಗೆ, ಎಲ್ಲ ನಮ್ಮ ಕೈಯಲ್ಲೇ. ಆ ಪೆಟ್ಟಿಗೆ ಯಾರ ತಲೆ ಮೇಲಾದರೂ ಬಿದ್ದರೆ ಆಳು ಅಲ್ಲೇ ಫಿನಿಶ್. ಬೇಕಂತಲೇ ಬೀಳಿಸುವವರೂ ಇದ್ದರು, ಹೆಸರು ಹೇಳಲ್ಲ.

ಆದರೆ ಒಂದೇ ರೂಮಿನಲ್ಲಿ ಕೂತು ಕೂಗಿದರೆ ಗುಟ್ಟು ಎಲ್ಲಿ ಉಳಿಯುತ್ತದೆ? ಅದಕ್ಕೇ ನಾವು ಕಾರ್ಕಂಡ್ ಮ್ಯಾಪಿನ ಜಾಗಗಳಿಗೆಲ್ಲ ಬಸ್ ಸ್ಟಾಪ್ ಹೆಸರಿಟ್ಟೆವು. ಹೋಟೆಲ್ ಅಂದ್ರೆ ನವರಂಗ್, ಸ್ಕ್ವೇರ್ ಅಂದ್ರೆ ಮೆಜೆಸ್ಟಿಕ್. ಮಾರ್ಕೆಟ್‌ಗೆ ಏನಿಡೋದು ಅಂತ ತಲೆ ಕೆಡಿಸಿಕೊಂಡು ಕೊನೆಗೆ ಮಲ್ಲೇಶ್ವರ ಅಂದೆವು. ಒಂದು ಭಾನುವಾರ ನಾನು "ಮೆಜೆಸ್ಟಿಕ್‌ಗೆ ಹಾಕ್ತಾ ಇದೀನಿ" ಅಂತ ಕೂಗಿ ಫಿರಂಗಿ ಬಿಟ್ಟೆ. ನಮ್ಮವರೇ ಇಬ್ಬರು ಹೆಸರು ಅದಲು ಬದಲು ಮಾಡಿಕೊಂಡು ಅಲ್ಲಿಗೇ ಓಡಿದ್ದರು. ಈ ಗೇಮ್‌ನಲ್ಲಿ ತಂಡದವರೇ ವೋಟ್ ಹಾಕಿ ಕಮಾಂಡರ್‌ನ ಇಳಿಸಬಹುದು. ಇಳಿಸಿದರು. ಆಮೇಲೆ ಕಾಫಿ ದುಡ್ಡೂ ನನ್ನಿಂದಲೇ ಕೊಡಿಸಿದರು.

ಬಿಜಿಎಂಐ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2021ರಲ್ಲಿ ಅದು ಬಂದಾಗ ಅಕ್ಕನ ಮಗ ಎಳೆದುಕೊಂಡು ಹೋದ. "ಮಾಮ, ನೀವು ಐಜಿಎಲ್ ಆಗಿ" ಅಂದ. ಐಜಿಎಲ್ ಅಂದ್ರೆ ಇನ್-ಗೇಮ್ ಲೀಡರ್, ತಂಡ ನಡೆಸುವವನು. ನಾಲ್ಕು ಜನರ ತಂಡ, ಮುಂದೆ ನಡೆಸುವವನಿಗೆ ಬೇರೆ ಬಟನ್ ಏನೂ ಇಲ್ಲ. ಅದೇ ಗನ್, ಅದೇ ಮ್ಯಾಪ್, ಬಾಯಿ ಮಾತ್ರ ಜಾಸ್ತಿ. ಜೋನ್, ಅಂದ್ರೆ ಬದುಕಿರಬಹುದಾದ ಜಾಗ, ಚಿಕ್ಕದಾಗುತ್ತಾ ಬಂದಾಗ ಯಾವ ಮನೆ ಹಿಡಿಯಬೇಕು, ಯಾವಾಗ ಗಾಡಿ ಹತ್ತಬೇಕು ಅಂತ ಎರಡು ಸೆಕೆಂಡಿನಲ್ಲಿ ಹೇಳಬೇಕು. ನಾನು ಹೇಳುವಷ್ಟರಲ್ಲಿ ಹುಡುಗರು ಹೋಗಿ ಸತ್ತು ಬಂದಿರುತ್ತಿದ್ದರು. "ಮಾಮ, ನೀವು ಸಿಕ್ಕಾಪಟ್ಟೆ ಯೋಚ್ನೆ ಮಾಡ್ತೀರ." ಇರಬಹುದು. ಮಧ್ಯಾಹ್ನ ಅರ್ಧ ಗಂಟೆ ಬಿಡುವಿದ್ದರೆ ಈಗಲೂ ಆಡುತ್ತೇನೆ, ಐಜಿಎಲ್ ಅವನೇ.

ಹೆಲ್ ಲೆಟ್ ಲೂಸ್ ಬೇರೆ ಥರ. ಎರಡನೇ ಮಹಾಯುದ್ಧದ ಗೇಮ್, ಆ ಕಡೆ 50 ಜನ, ಈ ಕಡೆ 50 ಜನ. ಒಂದು ಆಟ ಒಂದೂವರೆ ಗಂಟೆವರೆಗೂ ಎಳೆಯಬಹುದು. ಬ್ಯಾಟಲ್‌ಫೀಲ್ಡ್ 2ರ ಥರ ಎಲ್ಲರನ್ನೂ ತೋರಿಸುವ ಸ್ಕ್ಯಾನ್ ಇಲ್ಲ. ಬಾಂಬ್ ಹಾಕಿಸಬಹುದು, ಟ್ಯಾಂಕ್ ಕರೆಸಬಹುದು, ಆದರೆ ಅದಕ್ಕೆಲ್ಲ ಮದ್ದುಗುಂಡು, ಇಂಧನ ಕೂಡಿರಬೇಕು. ಯಾರಾದರೂ ಎಂಜಿನಿಯರ್ ಹಿಂದೆ ಹೋಗಿ ನೋಡ್ (ಇವನ್ನು ಕೂಡಿಸಿಕೊಡುವ ಕಟ್ಟೆ) ಕಟ್ಟಿದರೆ ಅದು ಬೇಗ ಕೂಡುತ್ತದೆ. ಗುಂಡು ಹೊಡೆಯೋಕೆ ಬಂದವನಿಗೆ ಮರದ ಹಿಂದೆ ಕೂತು ಸುತ್ತಿಗೆ ಬಡಿ ಅಂದ್ರೆ ಬಡಿಯುತ್ತಾನಾ? ಗೋಗರೆಯಬೇಕು. ಸ್ಕ್ವಾಡ್ ಲೀಡರ್‌ಗಳ, ಅಂದ್ರೆ ತಂಡದೊಳಗಿನ ಚಿಕ್ಕ ಗುಂಪುಗಳನ್ನು ನಡೆಸುವವರ, ಚಾನೆಲ್‌ನಲ್ಲಿ "ಪ್ಲೀಸ್" ಅಂದಷ್ಟು ನಾನು ಆಫೀಸಿನಲ್ಲೂ ಅಂದಿಲ್ಲ.

ಒಂದು ರಾತ್ರಿ ಕಾರೆಂಟಾನ್ ಮ್ಯಾಪ್. ಐದರಲ್ಲಿ ಎರಡು ಜಾಗ ನಮ್ಮದು, ಮೂರು ಅವರದು. ಇನ್ನು ಇಪ್ಪತ್ತು ನಿಮಿಷ ಇದೆ ಅನ್ನುವಾಗ ನಮ್ಮ ಏರಿಯಾದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಅನ್ನೋಕೆ ಶುರು. ಅಲ್ಲಿವರೆಗೆ ಒಬ್ಬ ಸ್ಕ್ವಾಡ್ ಲೀಡರ್ ತುಟಿ ಬಿಚ್ಚಿರಲಿಲ್ಲ. ಅವನು ಮೈಕ್ ಒತ್ತಿದ. ಮಾತಿಗಿಂತ ಮೊದಲು ಕುಕ್ಕರ್ ಸೀಟಿ ಕೇಳಿಸಿತು.

"ಎಲ್ಲಿಂದ ಗುರು?" ಅಂದೆ, ಸುಮ್ನೆ ಒಂದು ಅಂದಾಜಿನ ಮೇಲೆ.

"ಯಶವಂತಪುರ. ನಾನು ಅವರ ಹಿಂದೆ ಇದೀನಿ ಅಣ್ಣಾ. ಸಪ್ಲೈ ಕೊಡ್ಸಿ, ಗ್ಯಾರಿಸನ್ ಹಾಕ್ತೀನಿ."

ಗ್ಯಾರಿಸನ್ ಹಾಕಿದರೆ ಸತ್ತವರೆಲ್ಲ ಅಲ್ಲಿಂದಲೇ ಮತ್ತೆ ಇಳಿಯಬಹುದು. ಶತ್ರುವಿನ ಜಾಗದಲ್ಲಿ ಅದಕ್ಕೆ 100 ಸಪ್ಲೈ ಬೇಕು. ಸಾಮಾನು ಹೊರುವ ಒಬ್ಬ ಸಪೋರ್ಟ್ ಆಳಿನ ಪೆಟ್ಟಿಗೆಯಲ್ಲಿ 50. ಯಶವಂತಪುರದವನ ಹತ್ತಿರ ಅಂಥವನು ಒಬ್ಬ ಇದ್ದ. ಇನ್ನೊಬ್ಬನನ್ನು ಬೇರೆ ಸ್ಕ್ವಾಡ್‌ನಿಂದ ಬೇಡಿ ಕಳಿಸಿದೆ. ಎದುರಾಳಿಗಳು ತಿರುಗಿ ನೋಡದಿರಲಿ ಅಂತ ಮುಂದುಗಡೆ ಇದ್ದಬದ್ದ ಮದ್ದೆಲ್ಲ ಸುರಿದು ಬಾಂಬ್ ಹಾಕಿಸಿದೆ. ಚಾನೆಲ್ ಪೂರ್ತಿ ಕನ್ನಡ. ಉಳಿದ ಲೀಡರ್‌ಗಳು ಏನಂದುಕೊಂಡರೋ. ಮ್ಯಾಪಿನಲ್ಲಿ ಗ್ಯಾರಿಸನ್ ಗುರುತು ಮೂಡಿತು. ಹಿಂದೆಯೇ ನಮ್ಮವರ ಚುಕ್ಕೆಗಳು ಒಂದೊಂದಾಗಿ ಅಲ್ಲಿ ಹುಟ್ಟತೊಡಗಿದವು. ಅದನ್ನು ನೋಡ್ತಾ ಕೂತಿದ್ದಾಗಲೇ ಯುಪಿಎಸ್ ಸತ್ತಿತು.

ಹಾಗಾಗಿ ನನ್ನ ವೋಟು ಹೆಲ್ ಲೆಟ್ ಲೂಸ್‌ಗೆ. ಬ್ಯಾಟಲ್‌ಫೀಲ್ಡ್ 2ರಲ್ಲಿ ನನ್ನ ಬಟನ್‌ಗಳೇ ಕೆಲಸ ಮಾಡುತ್ತಿದ್ದವು, ಹುಡುಗರು ಕೇಳದಿದ್ದರೂ ನಡೆಯುತ್ತಿತ್ತು. ಇಲ್ಲಿ ಯಾರೂ ಕೇಳದಿದ್ದರೆ ನಾನು ಬರೀ ಮ್ಯಾಪ್ ನೋಡುವ ಕಾವಲುಗಾರ. ಮೈಕ್ ಇಷ್ಟ ಇಲ್ಲದವರು, ಒಂದೂವರೆ ಗಂಟೆ ಎದ್ದೇಳದೆ ಕೂರಲಾಗದವರು ಇದರ ಹತ್ತಿರ ಬರಬೇಡಿ. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರಂತೂ ಬೇಡವೇ ಬೇಡ.

ಕರೆಂಟ್ ಬಂದಾಗ ಹನ್ನೊಂದೂವರೆ. ಗೇಮ್ ಆಡುವ ಆ್ಯಪ್ ಸ್ಟೀಮ್‌ನಲ್ಲಿ ಒಂದು ಫ್ರೆಂಡ್ ರಿಕ್ವೆಸ್ಟ್, ಕೆಳಗೆ ಒಂದು ಮೆಸೇಜ್ ಇತ್ತು: "3-2 ಗೆದ್ವಿ ಅಣ್ಣಾ. ಅನ್ನ ಸೀದೋಯ್ತು."