ಸಿಡಿಲಫಡಿಯೋ, ಹಿರೇಬೆಣಕಲ್ಲೋ? ನನ್ನ ಓಟು ಬೆಣಕಲ್ಲಿಗೆ

ಗೈಡ್ ಜೊತೆ ಗುಡ್ಡ ಹತ್ತಿ ಹಳೇ ಬಂಡೆ ಚಿತ್ರ ನೋಡಬೇಕು ಅನ್ನೋರಿಗೆ ನಮ್ಮ ಕಡೆ ಒಳ್ಳೇ ಜಾಗ ಎರಡಿವೆ: ಬಾದಾಮಿಯ ಸಿಡಿಲಫಡಿ, ಗಂಗಾವತಿ ಬಳಿಯ ಹಿರೇಬೆಣಕಲ್. ಎರಡೂ ಕಡೆ ನಡೆದಿದ್ದೇನೆ. ಇನ್ನೊಮ್ಮೆ ದುಡ್ಡು ಖರ್ಚು ಮಾಡುವುದಾದರೆ ಹಿರೇಬೆಣಕಲ್ಲಿಗೇ. ಇದಕ್ಕೆ ಅರ್ಧ ಕಾರಣ ಒಂದು ನೀರಿನ ಬಾಟಲಿ.

ಸಿಡಿಲಫಡಿ ಬಾದಾಮಿಯಿಂದ ಸುಮಾರು 4 ಕಿ.ಮೀ. ಮರಳುಗಲ್ಲಿನ ಗುಡ್ಡ, ಮುಳ್ಳುಕಂಟಿ, ಎಲ್ಲೆಂದರಲ್ಲಿ ಕವಲೊಡೆಯುವ ಕುರಿದಾರಿ. ಗೈಡ್ ಬೇಕೇ ಬೇಕು. ಜಾಗ ಮಾತ್ರ ಸೊಗಸು: ಸೇತುವೆಯ ಹಾಗೆ ಕಮಾನಾಗಿ ನಿಂತ ದೊಡ್ಡ ಬಂಡೆ, ಮೇಲಿನ ತೂತುಗಳಿಂದ ಒಳಗೆ ಬೀಳುವ ಬಿಸಿಲು. ಗೋಡೆಯ ಮೇಲೆ ಮಾಸಿದ ಕೆಂಪಿನಲ್ಲಿ ಮನುಷ್ಯರು, ಪ್ರಾಣಿಗಳು.

ನಮ್ಮ ಜೊತೆ ಬಂದ ಹುಡುಗ ಸೀದಾ ಗೋಡೆ ಹತ್ತಿರ ಹೋದ, ಬಾಟಲಿ ಮುಚ್ಚಳ ತೆಗೆದ, ಚಿತ್ರದ ಮೇಲೆ ನೀರು ಎರಚಿದ. "ಈಗ ನೋಡ್ರಿ ಸರ, ಫೋಟೊ ಹೊಡ್ಕೋರಿ." ಮಂಕಾಗಿದ್ದ ಕೆಂಪು ಒಮ್ಮೆಲೇ ಎದ್ದು ಬಂತು, ನಿಜ. ಸ್ವಲ್ಪ ಹೊತ್ತಿಗೆ ಒಣಗಿ ಮತ್ತೆ ಮೊದಲಿನ ಹಾಗೇ ಆಯಿತು. ಇನ್ನೊಂದು ಚಿತ್ರದ ಕಡೆ ಹೊರಟವನನ್ನು "ಬೇಡಪ್ಪಾ" ಅಂತ ತಡೆದರೆ, "ಎಲ್ಲಾರೂ ಹಾಕಸ್ತಾರ್ರೀ" ಅಂದ.

ನನ್ನ ತಕರಾರು ಅಲ್ಲೇ ಇರುವುದು. ಕಲ್ಲಿನೊಳಗೆ ಇಳಿದ ನೀರು ಆರುವಾಗ ಒಳಗಿನ ಉಪ್ಪನ್ನು ಮೇಲಕ್ಕೆ ತರುತ್ತದೆ. ಅದು ಚಿತ್ರದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಬಣ್ಣ ಹಕ್ಕಳೆ ಎದ್ದು ಉದುರುತ್ತದೆ. ಬಂಡೆಯ ಮರೆಯಲ್ಲಿ ಇಷ್ಟು ಕಾಲ ಮಳೆಯಿಂದ ಉಳಿದುಕೊಂಡ ಚಿತ್ರ ಬಾಟಲಿ ನೀರಿಗೆ ಹಾಳಾಗಬೇಕಾ? ಹುಡುಗನ ಮೇಲೆ ಸಿಟ್ಟಿಲ್ಲ. ಫೋಟೊ ಚೆನ್ನಾಗಿ ಬರಲಿಲ್ಲ ಅಂದರೆ ಕೂಲಿಯಲ್ಲಿ ಚೌಕಾಸಿ ಮಾಡೋರು ನಾವೇ ಅಲ್ವಾ? ಆದರೂ ಅವತ್ತು ಆಮೇಲೆ ನೋಡಿದ್ದು ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ.

ಹಿರೇಬೆಣಕಲ್ಲಿನಲ್ಲಿ ಸಿಕ್ಕವರು ಊರಿನ ಹಿರಿಯರೊಬ್ಬರು. ದಾರಿಯಲ್ಲಿ ಚಿತ್ರವಿದ್ದ ಬಂಡೆ ಬಂದಾಗ ಛತ್ರಿ ಬಿಚ್ಚಿ ಬಿಸಿಲಿಗೆ ಅಡ್ಡ ಹಿಡಿದರು. "ಒಂಚೂರು ಕುಂದರ್ರಿ, ಕಣ್ಣಿಗೆ ಹೊಂದ್ಲಿ." ಸುಮ್ನೆ ಕೂತೆವು. ಮೊದಲು ಒಂದು ಕೋಡು ಕಂಡಿತು. ಆಮೇಲೆ ಬೆನ್ನು, ಕಾಲು. ಪಕ್ಕದಲ್ಲಿ ಕೈ ಎತ್ತಿದ ಮನುಷ್ಯ. ಫೋಟೊ ಸಾಧಾರಣವಾಗೇ ಬಂತು. ಮನೆಗೆ ಬಂದು ಫೋನಿನಲ್ಲೇ ಕೆಂಪು ಬಣ್ಣ ಜಾಸ್ತಿ ಮಾಡಿದರೆ ಎಲ್ಲಾ ಗೆರೆ ಕಂಡವು.

ಇಲ್ಲಿ ಚಿತ್ರ ನೋಡಿದ ಮೇಲೆ ನಡಿಗೆ ಮುಗಿಯುವುದಿಲ್ಲ. ಮೇಲೆ ನೂರಾರು ಕಲ್ಲಿನ ಸಮಾಧಿಗಳಿವೆ. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ, ಕೆಲವಕ್ಕೆ ಒಂದು ಬದಿಯಲ್ಲಿ ಗುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಳೆಯವು. ಊರವರಿಗೆ ಇವು ಮೊರೇರ ಮನೆಗಳು, ಹಿಂದೆ ಇಲ್ಲಿದ್ದ ಕುಳ್ಳ ಜನರ ಮನೆಗಳಂತೆ. ಬಡಿದರೆ ನಗಾರಿಯಂತೆ ಸದ್ದು ಮಾಡುವ ದೊಡ್ಡ ಗುಂಡೂ ಇದೆ. ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಈ ಜಾಗದ ಬಗ್ಗೆ ಬರೆದಿದ್ದ. ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2021ರಲ್ಲಿ.

ತೊಂದರೆ ಇಲ್ಲೂ ಇದೆ. ಬೋಳು ಬಂಡೆ, ನೆರಳು ಕಡಿಮೆ, ಹತ್ತು ಗಂಟೆ ದಾಟಿದರೆ ಕಾಲು ಸುಡುತ್ತದೆ. ಕರಡಿ ಓಡಾಡುವ ಸೀಮೆ, ಒಬ್ಬರೇ ಹೋಗಬೇಡಿ. ಗೈಡನ್ನು ಊರಲ್ಲಿ ಕೇಳಿಯೇ ಹುಡುಕಬೇಕು.

ಖರ್ಚು ನನಗೆ ಇಲ್ಲೇ ಕಡಿಮೆ ಬಿತ್ತು. ಕೊಪ್ಪಳ–ಗಂಗಾವತಿ ಬಸ್ಸಲ್ಲಿ ಬಂದು ಇಳಿದೆ, ಬುತ್ತಿ ಮನೆಯದು, ರೂಮಿನ ಗೋಜಿಲ್ಲ. ಬಾದಾಮಿಯಲ್ಲಿ ರೂಮಿಗೇ ಅರ್ಧ ದುಡ್ಡು ಹೋಗಿತ್ತು.

ಕೆತ್ತಿದ ಚಿತ್ರಗಳೇ ಬೇಕು ಅಂದರೆ ಬಳ್ಳಾರಿ ಪಕ್ಕದ ಕಪ್ಪಗಲ್ಲು ಇದೆ, ಅದರ ಲೆಕ್ಕವೇ ಬೇರೆ. ಗುಹಾಲಯ ನೋಡೋಕೆ ಹೇಗೂ ಬಾದಾಮಿಗೆ ಬಂದವರು ಒಂದು ಬೆಳಗ್ಗೆ ಸಿಡಿಲಫಡಿಗೂ ಹೋಗಿ ಬನ್ನಿ, ನಷ್ಟವಿಲ್ಲ. ಗೈಡ್ ಹತ್ತಿರ ರೇಟು ಮಾತಾಡುವಾಗಲೇ ನೀರು ಎರಚುವ ಹಾಗಿಲ್ಲ ಅಂತ ಹೇಳಿ, ಕೂಲಿ ಪೂರ್ತಿ ಕೊಡಿ.